ಅಗ್ಗದ ಪೆಡಲ್ಲೂ ಅತ್ತೆಯ ಕೆಳಸೆಟ್ಟೂ

ಒಳ್ಳೆಯ ಕೆಲಸ ಮಾಡಿದವನನ್ನು ಲೋಕ ಕೊಂಡಾಡುತ್ತದೆ ಎಂದವರು ಹಲ್ಲು ಸೆಟ್ಟು ಮಾಡುವವನ ಕಥೆ ಕೇಳಿರಲಿಕ್ಕಿಲ್ಲ. ಅಡುಗೆ ರುಚಿಯಾದರೆ ಉಂಡವರು ತೇಗಿ ಹೊಗಳುತ್ತಾರೆ. ಅಂಗಿ ಮೈಗೊಪ್ಪಿದರೆ "ಎಲ್ಲಿ ಹೊಲಿಸಿದ್ರಿ?" ಎಂದು ನಾಲ್ಕು ಜನ ಕೇಳುತ್ತಾರೆ. ಆದರೆ ಕಟ್ಟಿಸಿಕೊಂಡ ಹಲ್ಲು ಚೆನ್ನಾಗಿ ಕೂತಿತೆಂದರೆ ಅದು ಕಟ್ಟಿಸಿಕೊಂಡದ್ದೆಂದೇ ಯಾರಿಗೂ ತಿಳಿಯುವುದಿಲ್ಲ. ಹಾಕಿಸಿಕೊಂಡವರಂತೂ ಈ ವಿಷಯದಲ್ಲಿ ಸುತರಾಂ ಬಾಯಿ ಬಿಡುವುದಿಲ್ಲ. ನಮ್ಮ ಪತಿರಾಯನ ದುಃಖ ಇದೇ. ಅವನು ಮಾಡಿದ ಹಲ್ಲುಗಳು ಆ ಬೀದಿಯ ಅರ್ಧ ಬಾಯಿಗಳಲ್ಲಿದ್ದವು. ಅವನ ಹೆಸರು ಮಾತ್ರ ಒಬ್ಬರ ಬಾಯಲ್ಲೂ ಇರಲಿಲ್ಲ.

ಬೀದಿಗೆ ಗೊತ್ತಿದ್ದದ್ದು ಅವನ ಹೆಂಡತಿ, ಹಲ್ಲಿನ ಡಾಕ್ಟರಮ್ಮ. ಅವನು "ಡಾಕ್ಟರಮ್ಮನ ಯಜಮಾನ್ರು". (ಯಜಮಾನಿಕೆ ಯಾರದೆಂಬುದು ಬೀದಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದ್ದರಿಂದ ಬಿರುದಿನ ಬಗ್ಗೆ ಯಾರೂ ತಕರಾರು ಎತ್ತಿರಲಿಲ್ಲ.) ಮಹಡಿಯ ಮೇಲೆ ಮನೆ, ಕೆಳಗೆ ಕ್ಲಿನಿಕ್ಕು. ಕ್ಲಿನಿಕ್ಕಿನ ಮುಂಭಾಗದಲ್ಲಿ ಕಾಯುವವರ ಬೆಂಚು, ನಡುವೆ ಆ ಭಯಂಕರ ಒರಗುಕುರ್ಚಿ, ಹಿಂದೆ ಪತಿರಾಯನ ಕೆಲಸದ ಕೋಣೆ. ಅಲ್ಲಿ ಶೆಲ್ಫಿನ ತುಂಬ ಜನರ ಬಾಯಿಯ ಅಚ್ಚುಗಳು, ಒಸಡಿಗೆಂದು ಗುಲಾಬಿ ಬಣ್ಣದ ಪುಡಿ, ಹೊಳಪು ಕೊಡಲು ಸದಾ ಗುರುಗುಡುವ ಒಂದು ಮೋಟಾರು. ಹಗಲೆಲ್ಲ ಯಾರ ಕಣ್ಣಿಗೂ ಬೀಳದ ಕೆಲಸ ಮಾಡಿದವನಿಗೆ ಸಂಜೆಯಾದರೂ ನಾಲ್ಕು ಜನರ ಕಿವಿಗೆ ಬೀಳಬೇಕು ಅನ್ನಿಸುವುದು ಸಹಜ ತಾನೇ? ಅದಕ್ಕೇ ಮಹಡಿಯ ಮುಂಕೋಣೆಯಲ್ಲಿ, ಸೋಫಾದ ಪಕ್ಕದಲ್ಲಿ, ಒಂದು ಎಲೆಕ್ಟ್ರಿಕ್ ಗಿಟಾರು ಇತ್ತು.

ವರ್ಷಕ್ಕೊಮ್ಮೆ ಬೀದಿಯವರೆಲ್ಲ ಸೇರುವ ಕೂಟದಲ್ಲಿ ಅವನು ಗಿಟಾರು ನುಡಿಸುತ್ತಿದ್ದ. ಹೋದ ವರ್ಷ ಅವನು ಶುರು ಮಾಡಿದ್ದೇ ತಡ, ಸಭೆಗೆ ಸಭೆಯೇ ಎದ್ದು ನಿಂತಿತು. ಗೌರವಕ್ಕಲ್ಲ, ಹಿಂದೆ ಕಾಫಿ ಬಂದಿತ್ತು. ಈ ವರ್ಷ ಒಂದೇ ಒಂದು ಸಲ, ಒಂದೇ ಒಂದು ಸ್ವರಕ್ಕಾದರೂ, ಜನ ಮಾತು ನಿಲ್ಲಿಸಿ ತನ್ನ ಕಡೆ ತಿರುಗಿ ನೋಡಬೇಕು ಎಂಬುದು ಪತಿರಾಯನ ಸಂಕಲ್ಪ. ಅದಕ್ಕೆ ಕೈಚಳಕಕ್ಕಿಂತ, ತುಳಿದರೆ ಗಿಟಾರಿನ ದನಿಯನ್ನೇ ಬದಲಿಸುವ ಕಾಲಡಿಯ ಡಬ್ಬಿ ಮುಖ್ಯ ಎಂಬುದು ಅವನ ಸಂಶೋಧನೆ. ಮಂಚದ ಕೆಳಗೆ ಆಗಲೇ ಅಂಥ ಕೆಲವು ಡಬ್ಬಿಗಳಿದ್ದವು: ಒಂದು ಪ್ರತಿಧ್ವನಿ ಕೊಡುವುದು, ಒಂದು ಹಸುಗೂಸಿನಂತೆ ಅಳುವುದು, ಒಂದು ಏನು ಮಾಡುವುದೆಂದು ಕೊಂಡವನಿಗೂ ತಿಳಿಯದ್ದು. ಡಾಕ್ಟರಮ್ಮ ಇವನ್ನೆಲ್ಲ ಗುಡಿಸುವಾಗ ಕಂಡು ಶಾಸನ ಹೊರಡಿಸಿಬಿಟ್ಟಿದ್ದಳು. ಇನ್ನೊಂದು ಡಬ್ಬಿ ಮನೆಗೆ ಬಂದರೆ ಗಿಟಾರು ಅಟ್ಟಕ್ಕೆ.

ಹೀಗಿರುವಾಗ ಅವನ ಕಣ್ಣಿಗೆ ಅಂಥದೇ ಇನ್ನೊಂದು ಡಬ್ಬಿ, ಆಕ್ಟೇವ್ ಫಜ್ ಎಂಬ ಪೆಡಲ್ ಬಿತ್ತು, ಅದೂ ಅಗ್ಗಕ್ಕೆ. ಕೊಳ್ಳಬಹುದೇ ಬೇಡವೇ ಎಂದು ಫೋನಿನಲ್ಲಿ ಪಂಡಿತರ ಅಭಿಪ್ರಾಯ ಕೇಳಿದ. ಒಬ್ಬ, "ಈ ಬೆಲೆಗೆ ಇದಕ್ಕಿಂತ ಒಳ್ಳೇದು ಸಿಗಲ್ಲ" ಎಂದ. ಇನ್ನೊಬ್ಬ, "ಯಾವ ಬೆಲೆಗೂ ಇದಕ್ಕಿಂತ ಕೆಟ್ಟದ್ದು ಸಿಗಲ್ಲ" ಎಂದ. ಪತಿರಾಯ ಇಬ್ಬರನ್ನೂ ಸಮಚಿತ್ತದಿಂದ ಆಲಿಸಿ, ಮೊದಲಿನವನೇ ತಿಳಿದವನು ಎಂದು ತೀರ್ಮಾನಿಸಿದ. ಆದರೂ ಶಾಸ್ತ್ರಕ್ಕೆಂದು ಊಟದ ಹೊತ್ತಿನಲ್ಲಿ ಮಾತೆತ್ತಿದ.

"ಒಂದು ಪೆಡಲ್ ಇದೆ ಕಣೇ, ಭಾರಿ ಅಗ್ಗ."

"ಸೈಕಲ್ಲಿಗಾ?"

"ಗಿಟಾರಿಗೆ."

"ಬೇಡ."

"ಪೂರ್ತಿ ಕೇಳು. ಒಂದೇ ಡಬ್ಬಿ, ಎರಡು ಕೆಲಸ. ಸ್ವರಾನ ಗೊರಗೊರ ಅನ್ನಿಸತ್ತೆ, ಜೊತೆಗೆ ಅದೇ ಸ್ವರಾನ ಮೇಲಿನ ಸಪ್ತಕದಲ್ಲೂ ಎಬ್ಬಿಸತ್ತೆ. ನಾನು ಒಂದು ನುಡಿಸಿದ್ರೆ ಎರಡು ಕೇಳತ್ತೆ!"

"ಒಂದನ್ನೇ ತಡ್ಕೊಳಕ್ಕೆ ಆಗ್ತಿಲ್ಲ ರೀ."

ಇಷ್ಟರಲ್ಲಿ ಡಾಕ್ಟರಮ್ಮನ ತಾಯಿ, ಅಂದರೆ ಪತಿರಾಯನ ಅತ್ತೆ, ತಟ್ಟೆಯಿಂದ ತಲೆಯೆತ್ತಿದರು. ಅವರ ಎರಡೂ ಸೆಟ್ಟು ಅಳಿಯನ ಕೈಕೆಲಸವೇ. "ನನ್ನ ಕೆಳಸೆಟ್ಟೂ ಹಂಗೇ ಆಗಿದೆ ಅಳಿಯಂದ್ರೆ. ಸಡಿಲ. ನಾನೊಂದು ಹೇಳಿದ್ರೆ ಅದೊಂದು ಹೇಳತ್ತೆ. ಎಷ್ಟು ದಿನದಿಂದ ಕೇಳ್ತಿದೀನಿ, ಒಂಚೂರು ನೋಡಬಾರ್ದಾ?"

"ನಾಳೆ ನೋಡ್ತೀನಿ ಅತ್ತೆ," ಎಂದ ಪತಿರಾಯ. ದೀಪದ ಬುಡದಲ್ಲೇ ಕತ್ತಲೆ ಎಂಬುದು ಅತ್ತೆಯ ದವಡೆಯ ಮಟ್ಟಿಗೆ ನಿಜವಾಗಿತ್ತು. ಅವರ ಪಾಲಿಗೆ ಆ ನಾಳೆ ತಿಂಗಳುಗಳಿಂದ ಬಂದಿರಲಿಲ್ಲ.

ಹೆಂಡತಿ ಬೇಡವೆಂದದ್ದನ್ನು ಹೆಂಡತಿಗೆ ತಿಳಿಯದಂತೆ ಮಾಡುವುದು ಅವಳ ಮಾತಿಗೆ ತೋರುವ ಒಂದು ಬಗೆಯ ಮರ್ಯಾದೆಯೇ. ಪತಿರಾಯ ಮರುದಿನವೇ ವಾದ್ಯದ ಅಂಗಡಿಗೆ ಹೋದ. ಅಂಗಡಿಯವನು ಪ್ರಾಮಾಣಿಕ. "ಸಾರ್, ಇದು ಒಂದೊಂದೇ ತಂತಿ ಮೀಟೋರಿಗೆ. ಮೂರ್ನಾಲ್ಕು ಒಟ್ಟಿಗೆ ಬಾರಿಸಿದ್ರೆ ಕಸದ ಲಾರಿ ರಿವರ್ಸ್ ಬಂದಂಗಿರತ್ತೆ" ಎಂದು ಮೊದಲೇ ಹೇಳಿದ. ಆದರೆ ಪತಿರಾಯನ ಕಿವಿ ಆಗಲೇ ಮುಚ್ಚಿತ್ತು, ಕಣ್ಣು ಮಾತ್ರ ತೆರೆದಿತ್ತು. ಪೆಡಲ್ಲಿನ ಬಣ್ಣ ಗುಲಾಬಿ! ಆರೋಗ್ಯವಂತ ಒಸಡಿನ ಸಾಕ್ಷಾತ್ ಬಣ್ಣ. ಇದು ತನಗಾಗಿಯೇ ಹುಟ್ಟಿದ್ದು ಎಂದು ಅವನಿಗೆ ಖಾತ್ರಿಯಾಯಿತು. ತಂದು ಕೆಲಸದ ಕೋಣೆಯಲ್ಲಿ ಸೆಟ್ಟುಗಳ ನಡುವೆ ಇಟ್ಟ. ಅತ್ತೆ ಒಮ್ಮೆ ಇಣುಕಿ, "ಇದ್ಯಾರ ಸೆಟ್ಟು ಅಳಿಯಂದ್ರೆ, ಇಷ್ಟು ಅಗಲ ಬಾಯಿ?" ಎಂದು ಕೇಳಿದ್ದು ಬಿಟ್ಟರೆ ಯಾರಿಗೂ ಅನುಮಾನ ಬರಲಿಲ್ಲ.

ಪ್ರಥಮ ಪ್ರಯೋಗಕ್ಕೆ ಅವನು ಆರಿಸಿಕೊಂಡದ್ದು ಕ್ಲಿನಿಕ್ಕಿನ ವೇಳೆಯನ್ನೇ. ಹೇಗೂ ಮೋಟಾರಿನ ಗದ್ದಲ ದಿನವೂ ಇರುತ್ತದೆ, ಸಂತೆಯಲ್ಲಿ ಶಂಖ ಊದಿದರೆ ಯಾರಿಗೆ ಕೇಳುತ್ತದೆ ಎಂಬುದು ಲೆಕ್ಕಾಚಾರ. ಗಿಟಾರನ್ನು ಬೆಡ್‌ಶೀಟಿನಲ್ಲಿ ಸುತ್ತಿ ಹಿಂದಿನ ಮೆಟ್ಟಿಲಿನಿಂದ ರೋಗಿಯಂತೆ ಇಳಿಸಿದ. ತಂತಿಗಳನ್ನೆಲ್ಲ ಒಟ್ಟಿಗೆ ಬಾರಿಸಿದ. ಕಸದ ಲಾರಿ ರಿವರ್ಸ್ ಬಂತು. ಅಂಗಡಿಯವನ ಮಾತು ಈಗ ನೆನಪಾಗಿ, ಟೋನ್ ತಿರುಪನ್ನು ಇಳಿಸಿ, ಗಿಟಾರಿನ ಕತ್ತಿನ ಕೊನೆಯತ್ತ ಬೆರಳು ಸರಿಸಿ ಒಂದೇ ತಂತಿ ಮೀಟಿದ.

ಝೀಈಈಈಂ!

ಸಣ್ಣಗೆ, ಉದ್ದಕ್ಕೆ, ಮೇಲೆ ಮೇಲೆ ಏರುತ್ತ ಹೊರಟ ಆ ಸ್ವರಕ್ಕೆ ಪತಿರಾಯನ ಕಣ್ಣು ತಾನಾಗಿ ಮುಚ್ಚಿತು. ಇಷ್ಟು ವರ್ಷ ಇವನ ಎದೆಯೊಳಗಿದ್ದ ನಾದ ಇದೇ.

ಗೋಡೆಯಾಚೆ ಕುರ್ಚಿಯಲ್ಲಿ ಒಬ್ಬ ಲಾರಿ ಡ್ರೈವರು ಒರಗಿದ್ದ. ಆಳು ಆರಡಿ, ಮೀಸೆ ಅದಕ್ಕೆ ತಕ್ಕಂತೆ. ಧೈರ್ಯ ಮಾತ್ರ ಕುರ್ಚಿಗೆ ಬಂದಾಗ ಲಾರಿಯಲ್ಲೇ ಉಳಿದಿತ್ತು. ಡಾಕ್ಟರಮ್ಮ ಇನ್ನೂ ಪುಟ್ಟ ಕನ್ನಡಿಯನ್ನಷ್ಟೇ ಅವನ ಬಾಯೊಳಗೆ ಇಟ್ಟಿದ್ದಳು. ಹಲ್ಲು ಕೊರೆಯುವ ಡ್ರಿಲ್ಲು ಕೊಕ್ಕೆಯಲ್ಲಿ ತಣ್ಣಗೆ ನೇತಾಡುತ್ತಿತ್ತು.

"ಡಾಕ್ಟ್ರಮ್ಮ," ಎಂದ ಡ್ರೈವರು ಕನ್ನಡಿಯನ್ನು ಪಕ್ಕಕ್ಕೆ ತಳ್ಳಿ, "ನೀವಿನ್ನೂ ಶುರುನೇ ಮಾಡಿಲ್ಲ. ನಂಗಾಗ್ಲೇ ಕೇಳಿಸ್ತಿದೆ!"

"ನಂಗೂ ಕೇಳಿಸ್ತಿದೆ," ಎಂದಳು ಡಾಕ್ಟರಮ್ಮ.

ಝೀಈಈಈಂ, ಎಂದು ಗೋಡೆ ಇನ್ನೊಮ್ಮೆ ಕೂಗಿತು. ಡ್ರೈವರು ಕತ್ತಿಗೆ ಕಟ್ಟಿದ್ದ ಬಟ್ಟೆಯ ಸಮೇತ ಬಾಗಿಲು ದಾಟಿದ. ಅವನ ಮುಖ ನೋಡಿ ಬೆಂಚಿನ ಮೇಲಿದ್ದವರೂ ಒಬ್ಬೊಬ್ಬರಾಗಿ ಹಲ್ಲುನೋವು ವಾಸಿಯಾಯಿತೆಂದು ಎದ್ದರು. ಪತಿರಾಯ ಕಣ್ಣು ತೆರೆದಾಗ ಎದುರಿಗೆ ಅವನ ಮೊದಲ ಶ್ರೋತೃ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಅಟ್ಟ," ಎಂದಳು.

ಏಣಿ ಹಿಡಿದುಕೊಳ್ಳಲು ಅತ್ತೆ ಬಂದರು. "ಹೋಗ್ಲಿ ಬಿಡಿ ಅಳಿಯಂದ್ರೆ, ಇನ್ನು ನನ್ನ ಸೆಟ್ಟು ನೋಡಕ್ಕೆ ಪುರುಸೊತ್ತಾಗತ್ತೆ," ಎಂದು ಸಮಾಧಾನವನ್ನೂ ಹೇಳಿದರು. ಪತಿರಾಯನಿಗೆ ನಿಜಕ್ಕೂ ದುಃಖವಾಗಿತ್ತು. ಕೂಟ ಹತ್ತಿರ ಬಂದಿತ್ತು. ಜೀವಮಾನದಲ್ಲಿ ಒಮ್ಮೆ ತನಗೆ ಒಲಿದ ಸ್ವರ ಹಳೆಯ ಹಾಸಿಗೆಗಳ ಮೇಲೆ ಮಲಗಿತ್ತು. "ನಾಳೆ ಅತ್ತೆ," ಎಂದಷ್ಟೇ ಹೇಳಿ ಏಣಿ ಇಳಿದ.

ಮರುದಿನ ಬೆಳಿಗ್ಗೆ ಡ್ರೈವರು ಮರಳಿ ಬಂದ. ಕತ್ತಿನ ಬಟ್ಟೆ ವಾಪಸು ಕೊಡುವುದಕ್ಕೆ ಎಂದ. ಊದಿದ ಕೆನ್ನೆ ಬೇರೆಯೇ ಹೇಳುತ್ತಿತ್ತು. ಬೆಂಚಿನ ಮೇಲೆ ಕೂತು ಬಂದವರನ್ನೆಲ್ಲ ಮಾತಾಡಿಸುವುದು ಅತ್ತೆಯ ದಿನಚರಿ. "ಅಯ್ಯೋ, ಅದು ಡ್ರಿಲ್ಲಲ್ಲ ಕಣಪ್ಪಾ, ನಮ್ಮಳಿಯಂದ್ರ ಸಂಗೀತ!" ಎಂದರು. ಡ್ರೈವರು ನಂಬಲಿಲ್ಲ. ಕಣ್ಣಾರೆ ನೋಡಿದ ಹೊರತು ಕುರ್ಚಿ ಹತ್ತುವುದಿಲ್ಲ ಎಂದು ಹಟ ಹಿಡಿದ. ಡಾಕ್ಟರಮ್ಮ ಒಂದು ಕ್ಷಣ ಯೋಚಿಸಿ ಗಂಡನತ್ತ ತಿರುಗಿ, "ಇಳಿಸಿ," ಎಂದಳು. ಪತಿರಾಯ ಏಣಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ.

ಗುಲಾಬಿ ಪೆಡಲ್ ಡ್ರೈವರನ ಕಾಲ ಬಳಿ ಬಂತು. ಒಮ್ಮೆ ಒತ್ತಿದ, ಪತಿರಾಯ ಮೀಟಿದ: ಝೀಂ. ಇನ್ನೊಮ್ಮೆ ಒತ್ತಿದ: ಗಪ್‌ಚಿಪ್. ಹುಟ್ಟಿದಾಗಿನಿಂದ ಪೆಡಲ್ ತುಳಿದೇ ಅನ್ನ ಸಂಪಾದಿಸಿದ ಮನುಷ್ಯ, ಮುಖ ಅರಳಿತು. "ಇದು ನನ್ನ ಕಾಲಡಿ ಇರ್ಲಿ ಡಾಕ್ಟ್ರಮ್ಮ. ನಾನು ಒತ್ತಿದಾಗ ನೀವು ಕೊರೀರಿ. ಇನ್ನೊಂದ್ಸಲ ಒತ್ತಿದ್ರೆ ನಿಲ್ಲಿಸಿ. ಬ್ರೇಕು ನನ್ನ ಹತ್ರ ಇದ್ರೆ ನಂಗೇನು ಭಯ?"

ಹಾಗೇ ಆಯಿತು. ಡ್ರೈವರು ಒತ್ತುತ್ತಿದ್ದ, ಪತಿರಾಯ ಮೀಟುತ್ತಿದ್ದ, ಡಾಕ್ಟರಮ್ಮ "ಆ... ಬಾಯಿ ಇನ್ನೂ ದೊಡ್ಡದಾಗಿ" ಎನ್ನುತ್ತ ಕೊರೆಯುತ್ತಿದ್ದಳು. ಡ್ರಿಲ್ಲಿನ ಶ್ರುತಿಯೂ ಗಿಟಾರಿನ ಶ್ರುತಿಯೂ ಹಾಲು ಸಕ್ಕರೆ ಬೆರೆತಂತೆ ಬೆರೆತವು. ಎದ್ದವನು, "ಯಾವುದು ಮಷೀನು, ಯಾವುದು ಸಂಗೀತ ಅಂತ ಗೊತ್ತೇ ಆಗ್ಲಿಲ್ಲ!" ಎಂದು ಉದ್ಗರಿಸಿದ. ಡಾಕ್ಟರಮ್ಮ ಇದನ್ನು ಮೆಚ್ಚುಗೆಯೆಂದು ತೆಗೆದುಕೊಂಡಳು. ಪತಿರಾಯನಿಗೆ ಏನೆಂದು ತೆಗೆದುಕೊಳ್ಳಬೇಕೋ ತಿಳಿಯಲಿಲ್ಲ.

ಸುದ್ದಿ ಬೀದಿಯೆಲ್ಲ ಹರಡಿತು. ಹಲ್ಲುನೋವನ್ನು ವರ್ಷಗಟ್ಟಲೆ ಅದುಮಿಟ್ಟುಕೊಂಡಿದ್ದವರೂ ಬಂದು, "ಆ ಪೆಡಲ್ ಇದೆಯಾ?" ಎಂದು ಕೇಳತೊಡಗಿದರು. "ರೀ, ತಗೊಂಡಿದ್ದು ವ್ಯರ್ಥ ಆಗ್ಲಿಲ್ಲ," ಎಂದು ಡಾಕ್ಟರಮ್ಮನೇ ಒಪ್ಪಿದಳು. "ಅಗ್ಗದ್ದೇ ಸರಿ. ಬೆಲೆಬಾಳೋದು ತಂದಿದ್ರೆ ಇಷ್ಟು ಕರ್ಕಶ ಬರ್ತಿತ್ತಾ?" ಪತಿರಾಯನಿಗೆ ಕುರ್ಚಿಯ ಹಿಂದೆ ಒಂದು ಸ್ಟೂಲು ಮಂಜೂರಾಯಿತು. ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದೇ ಸ್ವರ. ರೋಗಿ ಒತ್ತುವುದು, ಝೀಂ, "ಬಾಯಿ ದೊಡ್ಡದಾಗಿ!" ಈ ಕಛೇರಿಯ ಭರಾಟೆಯಲ್ಲಿ ಅತ್ತೆಯ ಕೆಳಸೆಟ್ಟು ಮತ್ತೆ ನಾಳೆಗೆ ಹೋಯಿತು. ಅವನು ಒಳಗೊಳಗೇ ಸುಖವಾಗಿದ್ದ. ಏನೇ ಆದರೂ ಗಿಟಾರು ಅಟ್ಟದಲ್ಲಿರಲಿಲ್ಲ, ಕೂಟವೂ ಬಂತು.

ಕೂಟದ ದಿನ ಪತಿರಾಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು ವೇದಿಕೆ ಹತ್ತಿದ. ಮುಂದಿನ ಸಾಲಿನಲ್ಲಿ ಡಾಕ್ಟರಮ್ಮ, ಪಕ್ಕದಲ್ಲಿ ಅತ್ತೆ, ಹಿಂದೆ ಡ್ರೈವರು, ಅವನ ಹಿಂದೆ ಇಡೀ ಬೀದಿ. ಪೆಡಲ್ ಒತ್ತದೆ ಮೃದುವಾಗಿ ಶುರು ಮಾಡಿದ. ಜನ ಮಾತಾಡುತ್ತಲೇ ಇದ್ದರು. ಒಬ್ಬರು ಆಕಳಿಸಿದರು. ಹಿಂದೆ ಕಾಫಿಯ ಲೋಟಗಳ ಸದ್ದೂ ಕೇಳಿತು. ಇನ್ನು ತಡ ಮಾಡಿದರೆ ಹೋದ ವರ್ಷದ ಗತಿಯೇ ಎಂದುಕೊಂಡು ಕಾಲೆತ್ತಿ ಗುಲಾಬಿ ಪೆಡಲ್ ತುಳಿದು, ಕಣ್ಣು ಮುಚ್ಚಿ ಮೀಟಿದ.

ಝೀಈಈಈಂ!

ಮಾತು ನಿಂತಿತು. ಲೋಟಗಳು ನಿಂತವು. ಪತಿರಾಯ ಮೆಲ್ಲನೆ ಕಣ್ಣು ತೆರೆದ. ಸಭೆಯ ಅರ್ಧಕ್ಕರ್ಧ ಜನ ತಲೆ ಹಿಂದಕ್ಕೆ ಒರಗಿಸಿ, ಅವನತ್ತ ತಿರುಗಿ, ಆ ಎಂದು ಬಾಯಿ ತೆರೆದು ಕೂತಿದ್ದರು!

ಬೆರಗು ಎಂದುಕೊಂಡ. ಅವನ ಎದೆ ತುಂಬಿ ಬಂತು. ಅದಕ್ಕಿಂತ ಹೆಚ್ಚಾಗಿ, ಆ ತೆರೆದ ಬಾಯಿಗಳಲ್ಲಿ ದೀಪದ ಬೆಳಕಿಗೆ ಥಳಥಳಿಸುತ್ತಿದ್ದವು ಅವನೇ ಮಾಡಿದ ಹಲ್ಲುಗಳು. ಮೇಲ್ಸೆಟ್ಟು, ಕೆಳಸೆಟ್ಟು, ಕೋರೆಹಲ್ಲು. ಇಷ್ಟು ವರ್ಷದ ಕೆಲಸ ಒಂದೇ ಕಡೆ, ಒಂದೇ ಸಲ, ಸಾಲುಸಾಲಾಗಿ ಕಂಡದ್ದು ಅದೇ ಮೊದಲು. ಎಷ್ಟು ಚೆನ್ನಾಗಿದ್ದವು! ಡಾಕ್ಟರಮ್ಮ ಹಿಂದೆ ತಿರುಗಿ ನೋಡಿ, "ಬಾಯಿ ಮುಚ್ಕೊಳ್ರೀ ಎಲ್ಲ, ಇದು ಕ್ಲಿನಿಕ್ಕಲ್ಲ," ಎಂದಳು. ಅಭ್ಯಾಸಬಲ ಎಂಬುದು ಅವನಿಗೆ ಆಗ ಹೊಳೆಯಿತು, ಆದರೂ ಸಂತೋಷ ಇಳಿಯಲಿಲ್ಲ. ಇನ್ನೊಮ್ಮೆ ಮೀಟಿದ, ಇನ್ನಷ್ಟು ಜೋರಾಗಿ. ಮುಚ್ಚಿದ ಬಾಯಿಗಳು ಮತ್ತೆ ತೆರೆದವು.

ಅತ್ತೆಗೆ ಅಭಿಮಾನ ಉಕ್ಕಿತು. ಎದ್ದು ನಿಂತು, ಕೈಯೆತ್ತಿ, "ಭಲೇ ಅಳಿಯಂದ್ರೆ!" ಎಂದು ಕೂಗಿದರು. 'ಭಲೇ' ಎಂಬಲ್ಲಿಗೆ ಕೆಳಸೆಟ್ಟು ಸಡಿಲಿತು, 'ಅಳಿಯಂದ್ರೆ' ಎಂಬಲ್ಲಿಗೆ ಹಾರಿತು. ಟಪ್ಪೆಂದು ಬಂದು ವೇದಿಕೆಯ ಮೇಲೆ ಗುಲಾಬಿ ಪೆಡಲ್ಲಿನ ಪಕ್ಕದಲ್ಲೇ ಬಿದ್ದು, ಸಭೆಯ ಕಡೆ ಮುಖ ಮಾಡಿ ನಕ್ಕಿತು.

ಡ್ರೈವರು ಎದ್ದು ಬಂದು, ಕರ್ಚೀಫಿನಲ್ಲಿ ಅದನ್ನೆತ್ತಿ ಬೆಳಕಿಗೆ ಹಿಡಿದು, "ಇದ್ಯಾರು ಮಾಡಿದ್ದು?" ಎಂದ. ಅತ್ತೆ ಅರೆಬಾಯಲ್ಲೇ, ಹೆಮ್ಮೆಗೆ ಒಂದಿಷ್ಟೂ ಕುಂದಿಲ್ಲದೆ, ಅಳಿಯನ ಹೆಸರನ್ನು ಇಡೀ ಬೀದಿಗೆ ಕೇಳುವಂತೆ ಹೇಳಿದರು. ತಕ್ಷಣ ಸಭೆಯಲ್ಲಿ ಯಾರ್ಯಾರಿಗೆ ಅನ್ವಯಿಸುತ್ತದೋ ಅವರೆಲ್ಲ ಪಟಪಟನೆ ಬಾಯಿ ಮುಚ್ಚಿ, ಮೇಲೆ ಕೈಯನ್ನೂ ಒತ್ತಿಕೊಂಡರು. ಯಾರ ಬಾಯಲ್ಲಿ ಏನಿದೆ ಎಂದು ಬೀದಿಗೆಲ್ಲ ತಿಳಿದುಹೋಯಿತು.

ಮರುದಿನ ಬೆಳಿಗ್ಗೆ ಪತಿರಾಯ ಮಹಡಿಯಿಂದ ಇಳಿದಾಗ ಕ್ಲಿನಿಕ್ಕಿನ ಮುಂದೆ ಜನವೋ ಜನ. ಯಾರೂ ಡಾಕ್ಟರಮ್ಮನನ್ನು ಕೇಳಲಿಲ್ಲ. ಎಲ್ಲರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅವನ ಹೆಸರನ್ನೇ ಹಿಡಿದು ಕರೆಯುತ್ತಿದ್ದರು, ತಮ್ಮ ಸೆಟ್ಟು ಗಟ್ಟಿಯಾಗಿದೆಯೋ ಇಲ್ಲವೋ ಈಗಲೇ ನೋಡಬೇಕೆಂದು. ಇಷ್ಟು ವರ್ಷ ಅವನು ಬಯಸಿದ್ದು ಇದನ್ನೇ ಅಲ್ಲವೇ? ಅವನು ಗಿಟಾರನ್ನು ಗೋಡೆಗೆ ಒರಗಿಸಿ, ಮೋಟಾರಿನ ಗುಂಡಿ ಒತ್ತಿ, ಮೊದಲನೆಯವರನ್ನು ಒಳಗೆ ಕರೆದ.

ಲೋಟದ ನೀರಿನಲ್ಲಿ ಕೆಳಸೆಟ್ಟು ಹಿಡಿದುಕೊಂಡು ಅತ್ತೆ ಒಳಗೆ ಬಂದರು.

"ನಾಳೆ ಅಂದ್ರೆ ಇವತ್ತೇ ತಾನೇ, ಅಳಿಯಂದ್ರೆ?"