ಒಣಗಿತಾ ನೋಡೋಣ

“ಇವನು ಕೈಯಿಟ್ಟ ಒಂದೇ ಒಂದು ಕೆಲಸ ಮುಗಿದದ್ದನ್ನ ನೋಡಿದವರಿದ್ರೆ ಕೈ ಎತ್ತಿ!”

ದೋಣಿ ರಿಪೇರಿ ಮಾಡುವ ಅಂಗಳದ ನಡುವೆ ನಿಂತು ಭಾವ ಹೀಗೆ ಕೂಗಿದಾಗ ಒಂದು ಕೈಯೂ ಮೇಲೇಳಲಿಲ್ಲ. ಪಕ್ಕದ ಮನೆಯ ಮೇಷ್ಟ್ರು ನಕ್ಕರು. ಎದುರುಮನೆಯ ದರ್ಜಿ ನಕ್ಕ. ಭಾವನ ತಂಗಿ, ಅಂದರೆ ಇವನ ಹೆಂಡತಿ, ನಗಲಿಲ್ಲ. ತಲೆ ತಗ್ಗಿಸಿ ಮನೆಯ ಕಡೆ ನಡೆದುಬಿಟ್ಟಳು. ಇವನನ್ನು ಚುಚ್ಚಿದ್ದು ಅದೇ.

ಇವನು ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವ ಗುಮಾಸ್ತ. ಯಾರೋ ಬಿಟ್ಟುಹೋದ ಹಳೆಯ ಫೈಬರ್ ಹಾಯಿದೋಣಿಯನ್ನು ಕಾಡಿ ಬೇಡಿ ತನ್ನದಾಗಿಸಿಕೊಂಡಿದ್ದ. ಸಂಜೆಯೊಳಗೆ ಅದು ನೀರಿಗಿಳಿಯದಿದ್ದರೆ ಗರಗಸ ಹಾಕಿಸುತ್ತೇನೆ ಎಂದು ಅಂಗಳದ ಯಜಮಾನ ಖಡಾಖಂಡಿತ ಹೇಳಿದ್ದ. ದೋಣಿ ಹೋದರೆ ಹಾಳಾಗಿ ಹೋಗಲಿ. ಭಾವನ ಎದುರಿಗೆ ಹೆಂಡತಿ ಒಮ್ಮೆಯಾದರೂ “ಇದು ನಮ್ಮನೆಯವರು ಮಾಡಿದ್ದು” ಅನ್ನಬೇಕು. ಅಷ್ಟೇ ಅವನಿಗೆ ಬೇಕಾದದ್ದು.

ಮರಳುಕಾಗದ ಹಿಡಿದು ಉಜ್ಜಿದ. ಉಜ್ಜಿ ಉಜ್ಜಿ, ಹಿಟ್ಟಿನ ಗಿರಣಿಯಲ್ಲಿ ಸತ್ತವನ ದೆವ್ವದ ಹಾಗಾದ. ತಳದ ಬಿರುಕಿನ ಅಳತೆಗೆ ಗಾಜುನಾರಿನ ಬಟ್ಟೆ ಕತ್ತರಿಸಿಟ್ಟು, ಡಬ್ಬಿಗೆ ರಾಳ ಸುರಿದು, ಅದನ್ನು ಗಟ್ಟಿ ಮಾಡುವ ದ್ರಾವಣವನ್ನು ಹನಿಹನಿಯಾಗಿ ಬೆರೆಸತೊಡಗಿದ.

“ಏನ್ರೀ ಇದು, ಕಣ್ಣಿಗೆ ಔಷಧಿ ಬಿಡ್ತಿದೀರಾ? ಧಾರಾಳವಾಗಿ ಹಾಕ್ರೀ!” ಎಂದು ದರ್ಜಿ ಶೀಶೆ ಕಸಿದುಕೊಂಡು ಗಳಗಳನೆ ಸುರಿದ. ಡಬ್ಬಿ ಬುಸುಗುಟ್ಟಿ ಹೊಗೆ ಕಾರಿತು. ಒಳಗಿದ್ದ ಕುಂಚ ಸಮಾಧಿಯ ಕಲ್ಲಿನಂತೆ ನೆಟ್ಟಗೆ ನಿಂತುಬಿಟ್ಟಿತು.

“ನೋಡಿದ್ರಾ, ಎಷ್ಟು ಬೇಗ ಗಟ್ಟಿಯಾಯ್ತು!”

ಇವನು ಇನ್ನೊಂದು ಡಬ್ಬಿ ಕಲಸಿದ. ಬಿರುಕು ಮುಚ್ಚಿತು. ಮಧ್ಯಾಹ್ನದ ಹೊತ್ತಿಗೆ ದೋಣಿಯ ಮೈಗೆಲ್ಲ ಕೊನೆಯ ಬಿಳಿ ಲೇಪ ಬಳಿದ. ಈ ಲೇಪಕ್ಕೆ ಗಾಳಿ ಆಗದು. ತಾಗಿದರೆ ಅಂಟಂಟಾಗಿಯೇ ಉಳಿಯುತ್ತದೆ. ಆದ್ದರಿಂದ ಮಲಗಿದ ಮಗುವಿಗೆ ಹೊದಿಸುವಂತೆ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ.

ಮೇಷ್ಟ್ರು ಹಾಳೆಯ ಮೂಲೆ ಎತ್ತಿದರು. “ಒಣಗಿತಾ ನೋಡೋಣ,” ಎಂದು ಹೆಬ್ಬೆರಳು ಒತ್ತಿದರು.

“ಅಲ್ಲಲ್ಲ ಮೇಷ್ಟ್ರೇ, ಬಿಸಿಲು ಬೀಳೋ ಕಡೆ ನೋಡ್ಬೇಕು,” ಎಂದು ದರ್ಜಿ ಎರಡು ಬೆರಳು ಒತ್ತಿದ.

ಭಾವ ಇಡೀ ಅಂಗೈಯನ್ನೇ ಊರಿದ. “ಇದು ಒಣಗೋದು ಇವನ ಮೊಮ್ಮಕ್ಕಳ ಕಾಲಕ್ಕೆ!”

“ಮುಟ್ಬೇಡ್ರೀ, ನಿಮ್ಗೆ ಕೈ ಮುಗೀತೀನಿ!”

ಮುಗಿದೇಬಿಟ್ಟ. ರಾಳ ಮೆತ್ತಿದ ಅಂಗೈಗಳು ಒಂದಕ್ಕೊಂದು ಅಂಟಿಕೊಂಡವು. ಅವನ್ನು ಬಿಡಿಸಿಕೊಳ್ಳುವಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದವರೂ ಬಂದು ಒಂದೊಂದು ಬೆರಳು ಒತ್ತಿ ಹೋಗಿದ್ದರು. ಹಾಳೆಯನ್ನು ಮತ್ತೆ ಹೊದಿಸಿ, ದೊಣ್ಣೆ ಹಿಡಿದು ಕಾವಲು ಕೂತ. ಲೇಪ ಕಲ್ಲಿನಂತೆ ಗಟ್ಟಿಯಾಯಿತು, ಬೆರಳಚ್ಚುಗಳ ಸಮೇತ.

ಸಂಜೆ ದೋಣಿ ನೀರಿಗಿಳಿಯಿತು. ತೇಲಿತು! ಒಳಗೆ ಹನಿ ನೀರಿಲ್ಲ. ಜನ ಚಪ್ಪಾಳೆ ತಟ್ಟಿದರು. ಹೆಂಡತಿಯೂ ಬಂದು ದಡದಲ್ಲಿ ನಿಂತಿದ್ದಳು. ಇವನ ಎದೆ ಹಾಯಿಗಿಂತ ಮೊದಲೇ ಉಬ್ಬಿತು.

“ಇಗೋ, ನನ್ನ ಹೆಬ್ಬೆರಳು!” ಎಂದು ಮೇಷ್ಟ್ರು ದೋಣಿಯ ಪಕ್ಕೆ ತೋರಿಸಿದರು. “ದುಡಿದ ಕೈ ಗುರುತು ಬಿಡದೆ ಇರುತ್ತಾ?”

“ನನ್ನವು ಎರಡು!” ಎಂದ ದರ್ಜಿ.

ಭಾವ ಅಚ್ಚಿನೊಳಗೆ ತನ್ನ ಅಂಗೈ ಕೂರಿಸಿ ಗಂಭೀರವಾಗಿ ಎಲ್ಲರನ್ನೂ ನೋಡಿದ. ಯಜಮಾನ ದೋಣಿಯ ಉದ್ದಕ್ಕೂ ಬಗ್ಗಿ ನೋಡಿ, ಇವನ ಕಡೆ ತಿರುಗಿದ.

“ನಿಮ್ದೆಲ್ಲಿ?”

ಹಸಿ ಲೇಪವನ್ನು ಮುಟ್ಟಬಾರದೆಂದು ತಿಳಿದಿದ್ದವನು ಇವನೊಬ್ಬನೇ. ಇವನ ಗುರುತು ಒಂದೂ ಇರಲಿಲ್ಲ.

ಹೆಂಡತಿ ಆ ಅಂಗೈಯಚ್ಚನ್ನು ಸವರಿದಳು. ಅವಳ ಕಣ್ಣು ತುಂಬಿ ಬಂತು. “ಅಣ್ಣಾ, ಬಾಯಲ್ಲಿ ಬೈದ್ರೂ ನಮ್ಗೋಸ್ಕರ ಎಷ್ಟು ಕಷ್ಟಪಟ್ಟಿದೀಯೋ!”

“ಇರ್ಲಿ ಬಿಡು, ತಂಗಿ ಅಂದ್ಮೇಲೆ ಮಾಡ್ಬೇಕಲ್ಲ,” ಎಂದ ಭಾವ.

ಭಾವ, ಮೇಷ್ಟ್ರು, ದರ್ಜಿ, ಹೆಂಡತಿ, ನಾಲ್ವರೂ ಹತ್ತಿದರು. ದೋಣಿ ಹಿಡಿಸುವುದೂ ನಾಲ್ವರನ್ನೇ. “ಮುಂದಿನ ಸುತ್ತಿಗೆ ನೀವು ಬನ್ನಿ, ಆಯ್ತಾ?” ಎಂದಳು ಹೆಂಡತಿ. ಹಗ್ಗ ಬಿಚ್ಚಿ ಎಸೆದವನು ಇವನೇ.

ದಡದಲ್ಲಿ ಬಲೆ ಮಡಚುತ್ತಿದ್ದ ಮುದುಕ ಇವನನ್ನು ಮೇಲಿಂದ ಕೆಳಗೆ ನೋಡಿದ.

“ಪಾಪ, ಬೆಳಗಿಂದ ದುಡಿದಿದಾರೆ ಅವ್ರು. ನೀವೂ ಸುಮ್ನೆ ಕೂರೋ ಬದ್ಲು ಅವ್ರ ಹತ್ರ ಈ ಕೆಲ್ಸ ಒಂಚೂರು ಕಲೀಬಾರ್ದಾ?”

ಇವನು ಅಂಗೈಗೆ ಕಚ್ಚಿದ ರಾಳದ ಸಿಪ್ಪೆ ಕೀಳುತ್ತ ನಡೆದುಬಿಟ್ಟ.