ಮುಚ್ಚಲೊಲ್ಲದ ನನ್ನ ಷಡ್ಡಕ

ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಮಹಾ ಬುದ್ಧಿವಂತನೆಂದು ವಾಡಿಯಿಂದ ಸೇಡಂವರೆಗೆ ಎಲ್ಲರೂ ಹೇಳುತ್ತಾರೆ. ನನಗೆ ಅನುಮಾನ ಹುಟ್ಟಿದ್ದೇ ಅದರಿಂದ! ಎಲ್ಲರೂ ಒಪ್ಪಿದ್ದನ್ನು ಪರೀಕ್ಷಿಸದೆ ಒಪ್ಪುವ ವಿದ್ಯೆಯನ್ನು ಬಹುಶಃ ಶಾಲೆಯಲ್ಲಿ ಕಲಿಸುತ್ತಾರೆ. ನಾನು ಅಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ.

ಸಿಮೆಂಟ್ ಕಾರ್ಖಾನೆಗಳಿಗೆ ಫಿಟ್ಟರು, ಚಾಲಕರು, ಅಡುಗೆಯವರನ್ನು ಒದಗಿಸುವುದು ಅವನ ಕಸುಬು. ಎರಡು ಸಾವಿರದ ಇಸವಿ ದಾಟಿದ ಮೇಲೆ ವಾಡಿಯ ಅವನ ಕಚೇರಿಗೆ ಕಂಪ್ಯೂಟರ್ ಬಂತು. ಆಳು ಬೇಕೆಂಬ ಬೇಡಿಕೆ ಬಂದರೆ ಪರದೆಯ ಮೇಲೆ ಕೆಂಪಕ್ಷರ: ‘ತೆರೆದಿದೆ’. ಆಳು ಹೋಗಿ ಸೇರಿದ ಮೇಲೆ ಗುಂಡಿ ಒತ್ತಿದರೆ ಹಸಿರಕ್ಷರ: ‘ಮುಚ್ಚಿದೆ’. ಇಷ್ಟೇ. ಆದರೆ ನಮ್ಮ ಕಡೆ ಅಪಶಕುನದ ಮಾತೇ ಆಡುವುದಿಲ್ಲ: ದೀಪ ಆರಿಸುವುದಿಲ್ಲ, ಶಾಂತ ಮಾಡುತ್ತೇವೆ. ಅಂಗಡಿ ಮುಚ್ಚುವುದಿಲ್ಲ, ಬಾಗಿಲು ಮುಂದೆ ಮಾಡುತ್ತೇವೆ. ಅಂಥ ಮನೆತನದವನು ಆ ಗುಂಡಿ ಒತ್ತಿಯಾನೆ?

“ಅಣ್ಣಾರ, ಧಂದೆದಾಗ ಮುಚ್ಚೂದು ಅನ್ನೂ ಮಾತು ಚೊಲೊ ಅಲ್ಲರಿ,” ಎಂದ.

ಶಹಾಬಾದಿನ ಅತಿಥಿಗೃಹವೊಂದಕ್ಕೆ ಒಬ್ಬ ಅಡುಗೆಯವನು ಬೇಕಿತ್ತು. ಒಬ್ಬ ಹೋಗಿ ಸೇರಿದ. ಬೇಡಿಕೆ ತೆರೆದೇ ಇತ್ತಲ್ಲ, ಇನ್ನೊಬ್ಬ ಹೋದ, ಆಮೇಲೆ ಮತ್ತೊಬ್ಬ. ಒಬ್ಬರು ಉಪ್ಪು ಹಾಕಿದ ಸಾರಿಗೆ ಉಳಿದವರೂ ಉಪ್ಪು ಹಾಕಿ, ಅತಿಥಿಗಳು ಹೋಟೆಲಿಗೆ ಓಡಿದರಂತೆ! ‘ಅಂತೆ’ಗಳನ್ನು ನಂಬುವವನಲ್ಲ ನಾನು. ಹೋಗಿ ಉಂಡೆ. ನಂಬಿದೆ. ಚಿತ್ತಾಪುರದ ಒಂದೇ ಜೀಪಿಗೆ ಇಬ್ಬರು ಚಾಲಕರು ಹೋಗಿ, ಒಬ್ಬ ಓಡಿಸುತ್ತಿದ್ದ, ಇನ್ನೊಬ್ಬ ಪಕ್ಕದಲ್ಲಿ ಕುಳಿತು ಅವನನ್ನು ಬೈಯುತ್ತಿದ್ದ.

ಆ ಬೇಸಿಗೆಯಲ್ಲಿ, ಸೇಡಮ್ಮಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಕೊಡ್ಲಿ ಎಂಬ ಊರಿನ ಫಿಟ್ಟರನೊಬ್ಬ ರಜೆಗೆ ಊರಿಗೆ ಹೋದವನು, ಬಸ್ಸಿನ ಮೇಲಿನಿಂದ ಜೋಳದ ಚೀಲ ಇಳಿಸುವಾಗ ಬಿದ್ದು ಕಾಲು ಮುರಿದುಕೊಂಡ. ಅವನ ಜಾಗಕ್ಕೆ ಬೇರೊಬ್ಬನನ್ನು ಕಳಿಸಿರೆಂದು ಬೇಡಿಕೆ ಬಂತು. ಬೇರೊಬ್ಬ ಹೋದನೆಂದರೆ ಕೊಡ್ಲಿಯವನ ನೌಕರಿ ಮುಗಿದಂತೆ. ಒಂದಕ್ಕೆ ಮೂವರನ್ನು ಕಳಿಸುವ ಮಹಾರಾಯನಿಗೆ ಈಗ ಒಬ್ಬನೂ ಸಿಗಲಿಲ್ಲ! ಹೊರಗೆ ಬೆಂಚಿನ ತುಂಬ ಫಿಟ್ಟರುಗಳು. ಅವರನ್ನು ಚಿಂಚೋಳಿಗೆ ಕಳಿಸಿದ, ಶಹಾಬಾದಿಗೆ ಕಳಿಸಿದ. ಸೇಡಮ್ಮಿಗೆ ಮಾತ್ರ ಇಲ್ಲ. ಗುತ್ತಿಗೆಯನ್ನೇ ಬೇರೆಯವರಿಗೆ ಕೊಡುವುದಾಗಿ ಕಾರ್ಖಾನೆಯ ಸಾಹೇಬರು ಎಚ್ಚರಿಸಿದರು.

“ತಮ್ಮಾ, ಹೊಟ್ಟಿ ಮ್ಯಾಲ ಕಲ್ಲು ಹಾಕ್ಕೊಳ್ಳಿಕತ್ತಿ ನೋಡು,” ಎಂದೆ.

“ಪರದಿ ಮ್ಯಾಲ ತೆರದದ ಅಂತ ಅದರಿ ಅಣ್ಣಾರ. ಹುಡುಕಲಿಕತ್ತೀವಿ ಅಂತ ಅದರ ಅರ್ಥ.”

ಈ ಸಲ ಬುದ್ಧಿಯೇ ಕೆಟ್ಟಿದೆಯೆಂದು ವಾಡಿಯ ಜನ ತೀರ್ಪು ಕೊಟ್ಟರು. ಅದನ್ನೂ ಪರೀಕ್ಷಿಸಬೇಕಲ್ಲ! ಒಂದು ಮಧ್ಯಾಹ್ನ ಅವನ ಕಚೇರಿಗೆ ಹೋಗಿ ಕುಳಿತೆ. ಕೊಡ್ಲಿಯವನು ಕೋಲೂರಿಕೊಂಡು ಬಂದ.

“ಮಾಲಕ್ರ, ನನ್ನ ಸಲುವಾಗಿ ನಿಮ್ಮ ಧಂದೆ ಹಾಳಾಗೂದು ಬ್ಯಾಡ್ರಿ. ಬ್ಯಾರೆದವನ್ನ ಕಳಸಿಬಿಡ್ರಿ.”

“ನಿನ್ನ ಯಾರು ಕೇಳ್ಯಾರೋ ಶಾಣ್ಯಾ? ಕುಂದ್ರು. ಡಾಕ್ಟರು ಏನಂದ್ರು?”

“ನಾಗರ ಪಂಚಮಿ ಆದ ಮ್ಯಾಲ ಕೆಲಸಕ್ಕ ಹೋಗು ಅಂದಾರ್ರಿ.”

ಅಷ್ಟರಲ್ಲಿ ಫೋನು ಬಂತು, ಸೇಡಮ್ಮಿನ ಸಾಹೇಬರದು. ಷಡ್ಡಕ ಎದ್ದು, ತನ್ನ ಮೆತ್ತನೆಯ ಕುರ್ಚಿಯನ್ನು ಎಳೆದು ಆ ಮುರಿದ ಕಾಲಿನ ಕೆಳಗಿಟ್ಟ. ನಿಂತುಕೊಂಡೇ, ಎದುರಿಗೆ ಕುಳಿತವನ ಮುಖ ನೋಡುತ್ತ ಹೇಳಿದ:

“ಹುಡುಕಲಿಕತ್ತೀವ್ರಿ ಸಾಹೇಬ್ರ. ಪಂಚಮಿ ತನಕಾ ತಡಕೋರಿ. ಅಂಥಾ ಫಿಟ್ಟರ್ ಸಿಗೂದು ಭಾಳ ಕಷ್ಟ ಅದರಿ.”