ಮಲಗಿಸಿಟ್ಟ ಬಾಟಲಿ

ಇಪ್ಪತ್ತೇಳು ವರ್ಷ ಮನೆಯೊಳಗೆ ಒಂದು ವಿಸ್ಕಿ ಬಾಟಲಿ ಇಟ್ಟುಕೊಂಡು, ಅದರ ಬಿರಡೆಗೆ ಉಗುರೂ ತಾಗಿಸದೆ ಬದುಕಿದ ಗಂಡಸು ಈ ಭೂಮಂಡಲದಲ್ಲಿ ಇದ್ದರೆ ಅದು ನಾನೊಬ್ಬನೇ! ಋಷಿಗಳು ಕಾಡಿಗೆ ಹೋಗಿ ತಪಸ್ಸು ಮಾಡಿದರು, ನಿಜ. ಆದರೆ ಕಾಡಿನಲ್ಲಿ ಬಾಟಲಿ ಎಲ್ಲಿತ್ತು? ನಾನು ಬಾಟಲಿಯನ್ನು ಬೀರುವಿನಲ್ಲಿಟ್ಟುಕೊಂಡೇ ತಪಸ್ಸು ಮಾಡಿದವನು. ಕಡೆಗೆ ನನಗೆ ಸಿಕ್ಕ ವರ ಏನೆಂದು ಕೇಳಿದರೆ ನೀವೂ ಅಳುತ್ತೀರಿ. ನಗುತ್ತಲೇ ಅಳಿ, ಅಡ್ಡಿಯಿಲ್ಲ.

ಬಾಟಲಿ ಕೊಟ್ಟವನು ನನ್ನ ಭಾಮೈದ, ಅಂದರೆ ಹೆಂಡತಿಯ ತಮ್ಮ. ಹಡಗಿನಲ್ಲಿ ಅಡುಗೆ ಭಟ್ಟ. ಮೊದಲ ಪ್ರಯಾಣ ಮುಗಿಸಿ ಬಂದವನು ಅಂಗಿಯೊಳಗಿನಿಂದ ಅದನ್ನು ತೆಗೆದು ಮೇಜಿನ ಮೇಲೆ ಕುಟ್ಟಿದ. ಬಿಳಿ ಪಿಂಗಾಣಿ ಬಾಟಲಿ, ಒಳಗೇನಿದೆ ಹೊರಗೆ ಕಾಣದು. ಬಾಯಿಗೆ ಕೆಂಪು ಅರಗು, ಅರಗಿನ ಮೇಲೆ ಸಿಂಹದ ಮುದ್ರೆ.

"ಭಾವ, ನೀವು ಕುಡಿಯಲ್ಲ ಅಂತ ಗೊತ್ತು. ಜೀವನದಲ್ಲಿ ಒಂದೇ ಒಂದು ಸಲ, ನನ್ನ ಜೊತೆ. ಆಗುತ್ತಾ?"

"ಆಗುತ್ತಯ್ಯಾ! ಆದರೆ ಇವತ್ತು ಬೇಡ. ಸ್ವಲ್ಪ ಹಳೇದಾಗಲಿ."

ಈ 'ಸ್ವಲ್ಪ' ಎಂಬ ಅಳತೆ ಇದೆಯಲ್ಲ, ಅದರಲ್ಲೇ ನಾನು ಕೆಟ್ಟೆ. ನಾನೋ ಅಳತೆ ಮತ್ತು ತೂಕದ ಇಲಾಖೆಯ ಪರೀಕ್ಷಕ! ಊರಿನ ತಕ್ಕಡಿಗಳು ನನ್ನನ್ನು ಕಂಡರೆ ಗಡಗಡ ನಡುಗುತ್ತಿದ್ದವು. ನಡುಗುವ ತಕ್ಕಡಿ ಸರಿಯಿಲ್ಲವೆಂದು ಅದಕ್ಕೂ ನೋಟೀಸು ಕೊಡುತ್ತಿದ್ದೆ. ಮುದ್ರೆ ಸರಿಯಿದ್ದರೆ ಮಾಲು ಸರಿ, ಇದು ನನ್ನ ವೃತ್ತಿಯ ಮೂಲಮಂತ್ರ.

ಬಾಟಲಿಗೆ ಸುತ್ತಿದ್ದ ಹಳೆಯ ಪತ್ರಿಕೆಯ ಹರಕು ಹಾಳೆಯಲ್ಲಿ ಒಂದು ಸಾಲು ಓದಿದೆ: "ಇಂಥ ಬಾಟಲಿಗಳನ್ನು ಸದಾ ಮಲಗಿಸಿ ಇಡತಕ್ಕದ್ದು." ಎಂಥ ಬಾಟಲಿಗಳನ್ನು ಎಂಬ ಭಾಗ ಹರಿದುಹೋಗಿತ್ತು. ಹರಿದ ಭಾಗದಲ್ಲೇ ನನ್ನ ಹಣೆಬರಹ ಇತ್ತೆಂದು ಯಾರಿಗೆ ಗೊತ್ತು! ಸರಿ, ನನ್ನ ಉಣ್ಣೆಯ ಮಫ್ಲರನ್ನೇ ಸುತ್ತಿ, ಬೀರುವಿನ ಕೆಳಗಿನ ಖಾನೆಯಲ್ಲಿ ಕೂಸನ್ನು ಮಲಗಿಸುವಂತೆ ಮಲಗಿಸಿದೆ. ಭಾನುವಾರ ಭಾನುವಾರ ಮಗ್ಗುಲು ಬದಲಿಸಿದೆ. ಮುದ್ರೆ ಪರೀಕ್ಷಿಸಿದೆ. ಅಲ್ಲಾಡಿಸಲು ಮಾತ್ರ ಯಾರಿಗೂ ಬಿಡಲಿಲ್ಲ. ನಿದ್ದೆ ಕೆಡಬಾರದಲ್ಲ!

"ಹೆತ್ತ ಮಗಳನ್ನ ಒಂದು ದಿನ ತೂಗಿ ಮಲಗಿಸಿದವರಲ್ಲ," ಎಂದಳು ನನ್ನಾಕೆ. "ಇದಕ್ಕೆ ಜೋಗುಳ ಒಂದು ಬಾಕಿ."

"ಮಗಳು ಅಳುತ್ತಾಳೆ ಕಣೇ. ಇದು ಅಳಲ್ಲ."

ಚಳಿಗಾಲ ಬಂದಾಗ ಬಾಟಲಿಗೆ ಹಳೇ ಟವೆಲು ಸುತ್ತಿ, ಮಫ್ಲರನ್ನು ನನ್ನ ಕತ್ತಿಗೆ ಸುತ್ತಿಕೊಂಡು ಕಚೇರಿಗೆ ಹೋಗುತ್ತಿದ್ದೆ. ಚಳಿ ಹೋದಮೇಲೆ ಮಫ್ಲರು ಮತ್ತೆ ಬಾಟಲಿಗೆ. ಒಗೆದರೆ ಉಣ್ಣೆ ಕುಗ್ಗುತ್ತದೆಂದು ನೀರು ಮುಟ್ಟಿಸಲಿಲ್ಲ. ವರ್ಷದಿಂದ ವರ್ಷಕ್ಕೆ ಬಾಟಲಿ ಎತ್ತುವುದು ಸಲೀಸಾಗುತ್ತಾ ಬಂತು. ಬೆಳಗಿನ ವಾಕಿಂಗಿನಿಂದ ತೋಳಿಗೆ ಬಲ ಬರುತ್ತಿದೆ ಎಂದು ಹಿಗ್ಗಿದೆ!

ಭಾಮೈದ ರಜೆಗೆ ಬಂದಾಗಲೆಲ್ಲ ಬೀರುವಿನ ಕಡೆ ಕಣ್ಣು ಹಾಯಿಸುತ್ತಿದ್ದ. ಅವನಿಗೆ ಮಗು ಹುಟ್ಟಿದಾಗ ಕೇಳಿದ. "ಹುಟ್ಟಿದ್ದಕ್ಕೇ ತೆಗೆದರೆ ಅದರ ಮದುವೆಗೆ ಏನು ತೆಗೀತೀಯೋ?" ಎಂದೆ. ಅವನ ಹಡಗು ಬಿರುಗಾಳಿಗೆ ಸಿಕ್ಕಿ, ಎರಡು ದಿನ ಸುದ್ದಿಯಿಲ್ಲದೆ, ಬದುಕಿ ಬಂದಾಗ ಕೇಳಿದ. "ಬದುಕಿದ್ದೀಯಲ್ಲ, ಇನ್ನೇನು ಅವಸರ?" ಎಂದೆ. ನಾನು ನಿವೃತ್ತನಾದ ದಿನ ಬಾಯಿಬಿಟ್ಟು ಕೇಳಲಿಲ್ಲ. ಎರಡು ಲೋಟ ತೊಳೆದು ಮೇಜಿನ ಮೇಲಿಟ್ಟು ಸುಮ್ಮನೆ ಕೂತಿದ್ದ. ನಾನು ಅವುಗಳಲ್ಲಿ ನೀರು ತುಂಬಿ ಕೊಟ್ಟೆ. ಕುಡಿದು ಎದ್ದು ಹೋದ.

ಹೋದ ತಿಂಗಳು ಅವನ ಫೋನು ಬಂತು. ಹಡಗಿನಿಂದ ಕೂಗಿದರೆ ನಮ್ಮ ಮನೆಯ ಕಿಟಕಿ ಅದುರುವಂಥ ಕಂಠ ಅವನದು. ಈಗ ಸೊಳ್ಳೆಪರದೆಯ ಆಚೆ ಸೊಳ್ಳೆ ಮಾತಾಡಿದಷ್ಟು ಕೇಳಿತು.

"ಭಾವ, ಸೋಮವಾರದಿಂದ ಗಂಟಲಿಗೆ ಚಿಕಿತ್ಸೆ ಶುರು. ಆಮೇಲೆ ಜೀವಮಾನ ಪೂರ್ತಿ ಮದ್ಯ ಒಂದು ಹನಿಯೂ ಗಂಟಲೊಳಗೆ ಇಳೀಬಾರದಂತೆ. ಭಾನುವಾರ ಮಧ್ಯಾಹ್ನ ಬರಲಾ?"

"ಬಾರಯ್ಯಾ," ಎಂದೆ. "ಈ ಸಲ ಸಿಂಹದ ತಲೆ ಹಾರಿಸಿಯೇ ತೀರುವುದು!"

ಭಾನುವಾರ ಬಂದ. ಸೊರಗಿದ್ದ, ಕಣ್ಣು ಮಾತ್ರ ಅದೇ ತುಂಟ ಕಣ್ಣು. ನಾನು ಬಾಟಲಿಯನ್ನು ಮಫ್ಲರು ಸಮೇತ ಎರಡೂ ಕೈಯಲ್ಲಿ ಎತ್ತಿ, ಕಿರೀಟ ತರುವ ಮಂತ್ರಿಯಂತೆ ನಡೆದು ಬಂದು ಮೇಜಿನ ಮೇಲಿಟ್ಟೆ. ನನ್ನಾಕೆ ಲೋಟ ತಂದಳು. ನನ್ನ ನಿವೃತ್ತಿಯ ದಿನ ಸಹೋದ್ಯೋಗಿಗಳು ಮುಸಿಮುಸಿ ನಗುತ್ತಾ ಉಡುಗೊರೆ ಕೊಟ್ಟ ಆರು ಪುಟ್ಟ ಲೋಟಗಳಲ್ಲಿ ಎರಡು. ಅಷ್ಟು ಪುಟ್ಟ ಲೋಟ ಯಾಕೆ ಕೊಟ್ಟರೋ, ಅಲ್ಲಿಯವರೆಗೆ ಕಣ್ಣಿನ ಔಷಧಿ ಹಾಕಿಕೊಳ್ಳಲು ಬಳಸುತ್ತಿದ್ದೆ.

"ಮುದ್ರೆ ನೋಡಯ್ಯಾ! ಸಿಂಹದ ಒಂದು ಮೀಸೆಯೂ ಉದುರಿಲ್ಲ!"

ಚಾಕುವಿನಿಂದ ಅರಗು ಕೆತ್ತತೊಡಗಿದೆ. ಮೇಲೆ ಸಿಂಹ ಗರ್ಜಿಸುತ್ತಿತ್ತು. ಕೆಳಗೆ, ಕತ್ತಿನ ಬಳಿ, ಅರಗಿನಲ್ಲಿ ಕೂದಲೆಳೆಯಷ್ಟು ಬಿರುಕು. ಬಿರಡೆ ಹಿಡಿದು ಎಳೆದೆ. ಅದು ಕಾಫಿಪುಡಿಯಂತೆ ಮೇಜಿನ ಮೇಲೆ ಉದುರಿತು! ಬಾಟಲಿ ಬಗ್ಗಿಸಿದೆ. ಏನೂ ಬರಲಿಲ್ಲ. ತಲೆಕೆಳಗು ಮಾಡಿದೆ. ಒಂದೇ ಒಂದು ಹನಿ ಬಾಯಿಯ ತುದಿಯವರೆಗೆ ಬಂದು, ನಮ್ಮ ಮೂವರ ಮುಖ ನೋಡಿ, ನಾಚಿಕೊಂಡು ಒಳಗೆ ಹೋಯಿತು!

"ಮಲಗಿಸಿ ಇಟ್ಟಿದ್ರಾ ಭಾವ?"

"ಮತ್ತೆ? ನಿಯಮದ ಪ್ರಕಾರ!"

"ಅದು ದ್ರಾಕ್ಷಿ ಮದ್ಯಕ್ಕೆ. ವಿಸ್ಕೀನ ನಿಲ್ಲಿಸಿ ಇಡಬೇಕು. ಮಲಗಿಸಿದರೆ ಬಿರಡೆಯನ್ನೇ ತಿಂದು ಆಚೆ ಬರುತ್ತೆ."

"ಹಳೇದಾಗಲಿ ಅಂತ..."

"ಬಾಟಲಿಗೆ ಹಾಕಿದ ಮೇಲೆ ವಿಸ್ಕಿಗೆ ವಯಸ್ಸಾಗಲ್ಲ ಭಾವ," ಎಂದ ಮೆಲ್ಲಗೆ. "ವಯಸ್ಸಾಗೋದು ನಮಗೆ."

ಈ ಮಾತನ್ನು ಅವನು ಇಪ್ಪತ್ತೇಳು ವರ್ಷದ ಹಿಂದೆ ಯಾಕೆ ಹೇಳಲಿಲ್ಲ? ಹೇಳಿರಬೇಕು. ನಾನು ಮುದ್ರೆ ನೋಡುತ್ತಿದ್ದೆ.

ಭಾಮೈದ ಮಫ್ಲರನ್ನು ಎತ್ತಿ ಮೂಗಿಗೆ ಹಿಡಿದ. ಅವನ ಮುಖ ಅರಳಿತು. "ಅಕ್ಕಾ, ಇದನ್ನ ಮೂಸು!"

"ಮೂಸೋದೇನು, ಇಪ್ಪತ್ತು ಚಳಿಗಾಲದಿಂದ ಬಲ್ಲೆ," ಎಂದಳು ನನ್ನಾಕೆ. "ಚಳಿಗೆ ಕದ್ದು ಒಂದೊಂದು ಗುಟುಕು ಹಾಕ್ತಾರೆ, ಪಾಪ, ಕೇಳಿದರೆ ಮಾನ ಹೋಗುತ್ತೆ ಅಂತ ಸುಮ್ಮನಿದ್ದೆ."

"ನಾನಾ? ಕದ್ದು? ನನಗೆ ವಾಸನೆಯೇ ಬರಲಿಲ್ಲವಲ್ಲೇ!"

"ನಲವತ್ತು ವರ್ಷ ನಸ್ಯ ಏರಿಸಿದ ಮೂಗು ರೀ ಅದು. ಕನ್ನಡಕ ನೇತುಹಾಕೋ ಗೂಟ ಅಷ್ಟೇ!"

ಆಗ ನನ್ನ ತಲೆಯೊಳಗೆ ಒಂದೊಂದೇ ಬಾಗಿಲು ಧಡಾರನೆ ತೆರೆದುಕೊಂಡಿತು. ಮುಖ್ಯ ಪರೀಕ್ಷಕನ ಕುರ್ಚಿ ನನ್ನ ಕೈಕೆಳಗಿನವನ ಪಾಲಾದಾಗ ಸಾಹೇಬರು ಮೂಗು ಮುಚ್ಚಿಕೊಂಡು ನನ್ನ ಬೆನ್ನು ತಟ್ಟಿದ್ದರು. "ಆರೋಗ್ಯ ನೋಡ್ಕೊಳ್ಳಿ. ಬೆಳಬೆಳಿಗ್ಗೇನೇ ಬೇಡ." ಚಳಿಯಲ್ಲಿ ವಾಕಿಂಗ್ ಬೇಡ ಎನ್ನುತ್ತಿದ್ದಾರೆ, ಎಂಥ ಕಾಳಜಿ ಎಂದು ಕಣ್ಣು ತುಂಬಿಕೊಂಡು ಬಂದಿದ್ದೆ! ಆರು ಪುಟ್ಟ ಲೋಟಗಳ ರಹಸ್ಯವೂ ಈಗ ತಿಳಿಯಿತು. ಊರಿಗೆಲ್ಲ ಕುಡುಕನೆನಿಸಿಕೊಂಡು ಒಂದು ಹನಿಯೂ ಕುಡಿಯದ ಏಕೈಕ ಕುಡುಕ ನಾನು!

ನನ್ನಾಕೆ ಬಾಟಲಿಯನ್ನು ಕೈಯಲ್ಲಿ ತೂಗಿ ನೋಡಿ ಅಂದಳು: "ಊರಿನ ಲೀಟರುಗಳನ್ನೆಲ್ಲ ಅಳೆದಿರಿ. ಇದೊಂದನ್ನ ಒಂದು ಸಲ ತಕ್ಕಡಿಗೆ ಹಾಕಬಾರದಿತ್ತೇ?"

ನಗಲು ನೋಡಿದೆ, ಆಗಲಿಲ್ಲ. ಎದುರಿಗೆ ಕೂತವನಿಗೆ ಇದ್ದದ್ದು ಒಂದೇ ಮಧ್ಯಾಹ್ನ. ಅದನ್ನೂ ನಾನೇ ಸೋರಿಸಿಬಿಟ್ಟಿದ್ದೆ.

"ತಪ್ಪಾಯ್ತಯ್ಯಾ," ಎಂದೆ. ಮದುವೆಯಾದಾಗಿನಿಂದ ಹೆಂಡತಿಯ ಮನೆತನದವರ ಎದುರು ನಾನು ಆಡಿದ ಮೊದಲ 'ತಪ್ಪಾಯ್ತು' ಅದು. "ಈಗಲೇ ಅಂಗಡಿಗೆ ಓಡ್ತೀನಿ. ಹೊಸದು ತರ್ತೀನಿ."

"ಹೊಸದು ಯಾರಿಗೆ ಬೇಕು ಭಾವ? ಅಂಗಡೀಲಿ ಸಿಗೋದಾಗಿದ್ರೆ ಇಷ್ಟು ವರ್ಷ ನಿಮ್ಮ ಬೀರು ಯಾಕೆ ನೋಡ್ತಿದ್ದೆ?"

ಹೀಗೆಂದವನು ಮಫ್ಲರನ್ನು ಕೊಡವಿ, ತನ್ನ ಕತ್ತಿಗೆ ಎರಡು ಸುತ್ತು ಸುತ್ತಿಕೊಂಡು, ಗಲ್ಲದ ಕೆಳಗೆ ಬಿಗಿಯಾಗಿ ಗಂಟು ಹಾಕಿ, ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಂಡ.

"ಲೋ, ನಾಳೆ ಚಿಕಿತ್ಸೆಗೆ ಹೋಗೋನು ನೀನು! ಡಾಕ್ಟರು ಏನಂತಾರೆ?"

ಅವನು ಒಂದು ಕಣ್ಣು ತೆರೆದ.

"ಗಂಟಲ ಒಳಗೆ ಇಳೀಬಾರದು ಅಂದಿದಾರೆ ಭಾವ. ಹೊರಗೆ ಸುತ್ಕೋಬಾರದು ಅಂದಿಲ್ಲ!"